ಎರಡು ಊರುಗಳ ನಡುವಿನ ಮೂರು ದೂರಗಳು

(ದತ್ತಿ ಉಪನ್ಯಾಸದ ಮುದ್ರಿತ ರೂಪ)



ವಿಷಯ ಯಾವುದೇ ಇರಲಿ, ಹಿಂದಿನ ಸಾಲಿನಲ್ಲಿ ಕೂತವರಿಗೂ ತಿಳಿಯುವಂತಿರಬೇಕು ಎಂಬುದು ಈ ಉಪನ್ಯಾಸಕ್ಕೆ ಹಾಕಿರುವ ಷರತ್ತು. ಅದಕ್ಕೇ ದೊಡ್ಡ ಸಿದ್ಧಾಂತಗಳ ಗೊಡವೆಗೆ ಹೋಗದೆ ಒಂದು ಸಣ್ಣ ಪ್ರಶ್ನೆ ಹಿಡಿದು ಬಂದಿದ್ದೇನೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಎಷ್ಟು ದೂರ? ವಿಮಾನದಲ್ಲಿ ಎಷ್ಟು ಹೊತ್ತು? ಈ ಎರಡು ಊರುಗಳನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಹೇಳಬೇಕಾಗಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಸನ್ನಿವೇಲ್, ಫ್ರೀಮಾಂಟ್, ಸ್ಯಾನ್ ಹೋಸೆ ಎಂಬ ಹೆಸರುಗಳು ಈಗ ನಮ್ಮ ಜಯನಗರ, ಮಲ್ಲೇಶ್ವರಗಳಷ್ಟೇ ಸಲೀಸಾಗಿ ಬಾಯಿಗೆ ಬರುತ್ತವೆ. ಮಗಳ ಬಾಣಂತನಕ್ಕೆಂದು ಹೋಗಿಬಂದ ತಾಯಂದಿರು ಈ ಸಭೆಯಲ್ಲೂ ಇದ್ದಾರು.

ಪ್ರಶ್ನೆ ಸಣ್ಣದು, ಉತ್ತರ ಸಣ್ಣದಲ್ಲ. ಈ ಎರಡು ಊರುಗಳ ನಡುವೆ ಮೂರು ದೂರಗಳಿವೆ ಎಂಬುದು ನನ್ನ ವಾದ. ಒಂದನ್ನು ಜ್ಯಾಮಿತಿ ಅಳೆಯುತ್ತದೆ, ಒಂದನ್ನು ಗಾಳಿ, ಇನ್ನೊಂದನ್ನು ರಾಜ್ಯಗಳು, ಅಂದರೆ ದೇಶಗಳು. ಟಿಕೆಟ್ಟಿನ ಮೇಲೆ ಅಚ್ಚಾಗುವ ಗಂಟೆಗಳು ಈ ಮೂವರೂ ಕೂತು ಮಾಡಿಕೊಂಡ ರಾಜಿಯ ಫಲ. ಆ ರಾಜಿಯಲ್ಲಿ ಯಾರ ಕೈ ಮೇಲಾಗುತ್ತದೆ ಎಂಬುದನ್ನು ಕೊನೆಯಲ್ಲಿ ನೋಡೋಣ.

ದಾರ ಹೇಳುವ ದೂರ

ಗೋಡೆಯ ಮೇಲಿನ ಭೂಪಟದಲ್ಲಿ ಬೆಂಗಳೂರಿನಿಂದ ಪೂರ್ವಕ್ಕೆ ಒಂದು ಸ್ಕೇಲು ಇಟ್ಟು ಸ್ಯಾನ್ ಫ್ರಾನ್ಸಿಸ್ಕೊವರೆಗೆ ಗೆರೆ ಎಳೆಯಿರಿ. ಗೆರೆ ಬಂಗಾಳ ಕೊಲ್ಲಿ ದಾಟಿ, ಆಗ್ನೇಯ ಏಷ್ಯಾ ಹಾದು, ಪೆಸಿಫಿಕ್ ಸಾಗರದ ನಟ್ಟನಡುವೆ ಸಾಗುತ್ತದೆ. ನೋಡಲು ನೇರ. ಆದರೆ ನಿಜವಾದ ಭೂಮಿಯ ಮೇಲೆ ಆ ದಾರಿಯ ಉದ್ದ ಸುಮಾರು 16,000 ಕಿಲೋಮೀಟರ್.

ಈಗ ಗೋಡೆಯನ್ನು ಬಿಟ್ಟು ಮೇಜಿನ ಮೇಲಿನ ಗೋಳಕ್ಕೆ ಬನ್ನಿ. ಒಂದು ದಾರದ ತುದಿಯನ್ನು ಬೆಂಗಳೂರಿನ ಮೇಲೆ ಒತ್ತಿಹಿಡಿದು, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಬಿಗಿಯಾಗಿ ಎಳೆಯಿರಿ. ದಾರ ಪೂರ್ವಕ್ಕೆ ಹೋಗುವುದೇ ಇಲ್ಲ. ಹೆಚ್ಚುಕಡಿಮೆ ಉತ್ತರಕ್ಕೆ ಹೊರಡುತ್ತದೆ. ತೆಲಂಗಾಣ, ಛತ್ತೀಸ್‌ಗಢ, ಪೂರ್ವ ಉತ್ತರಪ್ರದೇಶಗಳನ್ನು ದಾಟಿ, ನೇಪಾಳದಲ್ಲಿ ಅನ್ನಪೂರ್ಣಾ ಶಿಖರಗಳ ಬಳಿ ಹಿಮಾಲಯವನ್ನು ಏರಿ, ಟಿಬೆಟ್, ಷಿನ್‌ಜಿಯಾಂಗ್, ಮಂಗೋಲಿಯಾಗಳ ಮೇಲೆ ಹಾದು ಸೈಬೀರಿಯಾವನ್ನು ಹೊಗುತ್ತದೆ. ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಆರ್ಕ್ಟಿಕ್ ಸಾಗರದ ಅಂಚಿನಲ್ಲಿ, ತನ್ನ ತುತ್ತತುದಿಯನ್ನು ಮುಟ್ಟಿ, ಅಲಾಸ್ಕದ ಮೇಲಿಂದ ಇಳಿದು ಕ್ಯಾಲಿಫೋರ್ನಿಯಾ ಸೇರುತ್ತದೆ. ಈ ದಾರದ ಉದ್ದ ಸುಮಾರು 14,000 ಕಿಲೋಮೀಟರ್. ಸ್ಕೇಲಿಗಿಂತ 2,000 ಕಿಲೋಮೀಟರ್ ಕಡಿಮೆ!

ಗಣಿತದವರು ಇದನ್ನು ಮಹಾವೃತ್ತದ ಕಂಸ ಎನ್ನುತ್ತಾರೆ, ಪೈಲಟ್‌ಗಳು ಗ್ರೇಟ್ ಸರ್ಕಲ್ ಎನ್ನುತ್ತಾರೆ. ಗೋಳವನ್ನು ಅದರ ಕೇಂದ್ರದ ಮೂಲಕ ಸರಿಯಾಗಿ ಎರಡು ಹೋಳಾಗಿ ಸೀಳಿದರೆ ಅಂಚಿನಲ್ಲಿ ಕಾಣುವ ವೃತ್ತವೇ ಮಹಾವೃತ್ತ. ಗೋಳದ ಮೇಲಿನ ಯಾವುದೇ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿ ಅಂಥ ಒಂದು ವೃತ್ತದ ತುಂಡೇ ಆಗಿರುತ್ತದೆ. ಇದರ ಲೆಕ್ಕಕ್ಕೆ ಎರಡು ಊರುಗಳ ಅಕ್ಷಾಂಶ, ರೇಖಾಂಶ ಮತ್ತು 6,371 ಕಿಲೋಮೀಟರ್ ಎಂಬ ಭೂಮಿಯ ಸರಾಸರಿ ತ್ರಿಜ್ಯ ಗೊತ್ತಿದ್ದರೆ ಸಾಕು. ಪಿಯುಸಿಯ ತ್ರಿಕೋನಮಿತಿ ಕಲಿತ ಹುಡುಗ ಹತ್ತು ನಿಮಿಷದಲ್ಲಿ ಮಾಡಿಮುಗಿಸಬಹುದು.

ಹಾಗಾದರೆ ಗೋಡೆಯ ನಕ್ಷೆ ಸುಳ್ಳು ಹೇಳಿತೇ? ಅದನ್ನು ಮಾಡಿದ್ದೇ ಬೇರೆ ಕೆಲಸಕ್ಕೆ. 1569ರಲ್ಲಿ ಗೆರಾರ್ಡಸ್ ಮರ್ಕೇಟರ್ ರಚಿಸಿದ ನಕ್ಷೆ ಹಡಗಿನವರಿಗಾಗಿ ಹುಟ್ಟಿದ್ದು. ದಿಕ್ಸೂಚಿಯ ಮುಳ್ಳನ್ನು ಒಂದೇ ಕೋನದಲ್ಲಿ ಹಿಡಿದು ಸಾಗುವ ನಾವಿಕನ ದಾರಿ ಅದರಲ್ಲಿ ನೇರಗೆರೆಯಾಗಿ ಕಾಣುತ್ತದೆ. ಆ ಅನುಕೂಲಕ್ಕೆ ತೆತ್ತ ಬೆಲೆಯೆಂದರೆ, ಧ್ರುವದ ಕಡೆಗೆ ಹೋದಂತೆಲ್ಲ ನೆಲ ಹಿಗ್ಗುತ್ತದೆ. ವಿಮಾನ ಹಾದುಹೋಗುವ ದಾರಿ ಸೀಟಿನ ಮುಂದಿನ ಪರದೆಯಲ್ಲಿ ಬಿಲ್ಲಿನ ಹಾಗೆ ಬಾಗಿ ಕಾಣುವುದು ಈ ಹಿಗ್ಗುವಿಕೆಯಿಂದ. ‘ಇದೇನಪ್ಪ, ಸುತ್ತಿಬಳಸಿ ಕರೆದೊಯ್ಯುತ್ತಿದ್ದಾರೆ’ ಎಂದು ಗೊಣಗುವ ಪ್ರಯಾಣಿಕ ಬಹುಮಟ್ಟಿಗೆ ನೇರದಾರಿಯಲ್ಲೇ ಇರುತ್ತಾನೆ.

ಗಾಳಿ ಹೇಳುವ ದೂರ

ಜ್ಯಾಮಿತಿಯ ಮಾತೇ ಕೊನೆಯ ಮಾತಾಗಿದ್ದರೆ ಲೆಕ್ಕ ಸುಲಭವಿತ್ತು. ದೂರಪ್ರಯಾಣದ ಜೆಟ್ ವಿಮಾನ ಗಂಟೆಗೆ ಸುಮಾರು 900 ಕಿಲೋಮೀಟರ್ ವೇಗದಲ್ಲಿ ಹಾರುತ್ತದೆ. 14,000ವನ್ನು 900ರಿಂದ ಭಾಗಿಸಿದರೆ ಹದಿನೈದೂವರೆ ಗಂಟೆ ಬರುತ್ತದೆ. ಆದರೆ ಈ 900 ಎಂಬುದು ಸುತ್ತಲಿನ ಗಾಳಿಗೆ ಹೋಲಿಸಿದ ವೇಗ, ನೆಲಕ್ಕೆ ಹೋಲಿಸಿದ್ದಲ್ಲ. ತುಂಬಿದ ತುಂಗಭದ್ರೆಯಲ್ಲಿ ಹರಿಗೋಲು ಹಾಕುವವನಿಗೆ ಈ ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹುಟ್ಟು ಎಷ್ಟೇ ಬಿರುಸಾಗಿ ಹಾಕಿದರೂ ದಡದಲ್ಲಿ ನಿಂತವನ ಕಣ್ಣಿಗೆ ದೋಣಿಯ ವೇಗ ನೀರಿನ ಸೆಳವನ್ನೂ ಕೂಡಿಯೋ ಕಳೆದೋ ಕಾಣುತ್ತದೆ.

ವಿಮಾನ ಹಾರುವ ಎತ್ತರ ಹತ್ತು, ಹನ್ನೊಂದು ಕಿಲೋಮೀಟರ್. ಅಲ್ಲಿ, ಮಧ್ಯ ಅಕ್ಷಾಂಶಗಳ ಮೇಲೆ, ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ಹೊಳೆಗಳಿವೆ. ಸಮಭಾಜಕದ ಕಡೆಯ ಬಿಸಿಗಾಳಿಗೂ ಧ್ರುವದ ಕಡೆಯ ತಣ್ಣನೆಯ ಗಾಳಿಗೂ ಇರುವ ಉಷ್ಣಾಂಶದ ಅಂತರ ಗಾಳಿಯನ್ನು ನೂಕುತ್ತದೆ. ಭೂಮಿಯ ತಿರುಗುವಿಕೆ ಅದನ್ನು ಪೂರ್ವಕ್ಕೆ ತಿರುಗಿಸುತ್ತದೆ. ಇವೇ ಜೆಟ್ ಸ್ಟ್ರೀಮ್‌ಗಳು. ಚಳಿಗಾಲದಲ್ಲಿ, ಅದರಲ್ಲೂ ಜಪಾನಿನ ಮೇಲೆ, ಇವುಗಳ ವೇಗ ಗಂಟೆಗೆ 200 ಕಿಲೋಮೀಟರ್ ಮೀರುವುದು ಸಾಮಾನ್ಯ.

ಇವನ್ನು ಮೊದಲು ಕ್ರಮವಾಗಿ ಅಳೆದವರಲ್ಲಿ ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೊ ಓಯಿಶಿ ಪ್ರಮುಖರು. 1920ರ ದಶಕದಲ್ಲಿ ಟೋಕಿಯೊ ಬಳಿಯ ತಾತೆನೊ ಎಂಬಲ್ಲಿ ಬಲೂನುಗಳನ್ನು ಬಿಟ್ಟು, ಅವು ಸರಿದ ದಾರಿಯನ್ನು ದೂರದರ್ಶಕದಲ್ಲಿ ಹಿಂಬಾಲಿಸಿ ಮೇಲಿನ ಗಾಳಿಯ ವೇಗ ಕಂಡುಹಿಡಿದರು. ಜಗತ್ತೆಲ್ಲ ಓದಲಿ ಎಂಬ ಆಸೆಯಿಂದ ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದರು; ಹೊರಗಿನವರು ಅದರತ್ತ ತಿರುಗಿ ನೋಡಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಮೇಲೆ ಎತ್ತರದಲ್ಲಿ ಹಾರಿದ ಅಮೆರಿಕದ ಬಾಂಬರ್‌ಗಳಿಗೆ ಈ ಗಾಳಿ ಎದುರಾದಾಗ ಅವರಿಗೆ ಅಚ್ಚರಿಯೋ ಅಚ್ಚರಿ. 1952ರ ನವೆಂಬರಿನಲ್ಲಿ ಪ್ಯಾನ್ ಆಮ್ ಸಂಸ್ಥೆಯ ವಿಮಾನ ಟೋಕಿಯೊದಿಂದ ಹೊನೊಲುಲುವಿಗೆ ಹೋಗುವಾಗ ಬೇಕೆಂದೇ ಈ ಹೊಳೆಯೊಳಗೆ ಹೊಕ್ಕಿತು. ಹದಿನೆಂಟು ಗಂಟೆಯ ಪಯಣ ಹನ್ನೊಂದೂವರೆ ಗಂಟೆಗೆ ಇಳಿಯಿತು.

ಇಲ್ಲಿ ವಿದ್ಯಾರ್ಥಿಗಳು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಭೂಮಿ ಪೂರ್ವಕ್ಕೆ ತಿರುಗುತ್ತದಲ್ಲ, ವಿಮಾನ ಮೇಲೆ ಸುಮ್ಮನೆ ನಿಂತರೆ ಕೆಳಗಿನ ಊರೇ ಬರುವುದಿಲ್ಲವೆ? ಸಮಭಾಜಕದಲ್ಲಿ ನೆಲ ಗಂಟೆಗೆ ಸುಮಾರು 1,670 ಕಿಲೋಮೀಟರ್ ವೇಗದಲ್ಲಿ ತಿರುಗುತ್ತಿದೆ, ನಿಜ. ಆದರೆ ವಾಯುಮಂಡಲವೂ ನೆಲದ ಜೊತೆಗೇ ತಿರುಗುತ್ತಿದೆ. ವಿಮಾನ ಆ ಗಾಳಿಯೊಳಗೇ ತೇಲುವುದು. ತಿರುಗುವಿಕೆಯ ಪ್ರಭಾವ ಪ್ರಯಾಣದ ಹೊತ್ತಿಗೆ ತಟ್ಟುವುದು ಜೆಟ್ ಸ್ಟ್ರೀಮ್‌ನ ಬಳಸುದಾರಿಯಿಂದ ಮಾತ್ರ.

ಗಾಳಿಯ ಜೊತೆಗಿನ ವ್ಯಾಪಾರ ಎಂದೂ ಸಮವಲ್ಲ. ದಾರಿಯುದ್ದಕ್ಕೂ ಗಂಟೆಗೆ 100 ಕಿಲೋಮೀಟರ್ ಗಾಳಿ ಬೀಸುತ್ತಿದೆ ಎನ್ನಿ. ಹಿಂದಿನಿಂದ ಬೀಸಿದರೆ 14,000 ಕಿಲೋಮೀಟರಿಗೆ 14 ಗಂಟೆ. ಎದುರು ಬೀಸಿದರೆ ಹದಿನೇಳೂವರೆ. ಹೋಗಿಬರಲು ಒಟ್ಟು ಮೂವತ್ತೊಂದೂವರೆ ಗಂಟೆ. ಗಾಳಿಯೇ ಇಲ್ಲದಿದ್ದರೆ ಇದು ಸುಮಾರು 31 ಗಂಟೆ 7 ನಿಮಿಷದಲ್ಲಿ ಮುಗಿಯುತ್ತಿತ್ತು. ಹೋಗುವಾಗ ಕೊಟ್ಟದ್ದಕ್ಕಿಂತ ಹೆಚ್ಚನ್ನು ಬರುವಾಗ ಕಿತ್ತುಕೊಳ್ಳುತ್ತದೆ ಗಾಳಿ, ಏಕೆಂದರೆ ಎದುರುಗಾಳಿಯಲ್ಲಿ ನಾವು ಕಳೆಯುವ ಹೊತ್ತೇ ಹೆಚ್ಚು.

ಗಾಳಿಯ ಈ ಬಲದ ಒಳ್ಳೆಯ ನಿದರ್ಶನವನ್ನು ಏರ್ ಇಂಡಿಯಾ 2016ರ ಅಕ್ಟೋಬರಿನಲ್ಲಿ ತೋರಿಸಿತು. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಅದುವರೆಗೆ ಅಟ್ಲಾಂಟಿಕ್ ಮೇಲೆ ಪಶ್ಚಿಮಕ್ಕೆ ಹೋಗುತ್ತಿದ್ದ ವಿಮಾನ ಆಗ ಪೆಸಿಫಿಕ್ ಮೇಲೆ ಪೂರ್ವಕ್ಕೆ ಹಾರಿತು. ಸುಮಾರು 13,900 ಕಿಲೋಮೀಟರ್ ಇದ್ದ ದಾರಿ ಸುಮಾರು 15,300ಕ್ಕೆ ಏರಿತು. ಆದರೂ ವಿಮಾನ ಹದಿನಾಲ್ಕೂವರೆ ಗಂಟೆಯಲ್ಲಿ ತಲುಪಿ, ಹಳೆಯ ದಾರಿಗಿಂತ ಎರಡು ಗಂಟೆಯಷ್ಟು ಉಳಿಸಿತು. ದೂರ ಹೆಚ್ಚಿದಾಗ ಹೊತ್ತು ಕಡಿಮೆಯಾಯಿತು. ಗೋಳದ ಮೇಲಿನ ದಾರದ ಉದ್ದವಾದರೋ ಎರಡಕ್ಕಿಂತಲೂ ಕಡಿಮೆ, ಸುಮಾರು 12,400. ಆ ದಾರದ ಮೇಲೆ ಯಾರೂ ಹಾರಲಿಲ್ಲ.

ಭಾರ, ಬೆಟ್ಟ ಮತ್ತು ಚಳಿ

ಗಾಳಿಯ ಜೊತೆಗೆ ಯಂತ್ರದ ಮಿತಿಗಳನ್ನೂ ಹೇಳಬೇಕು. 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ತಡೆಯಿಲ್ಲದೆ ಹಾರಿದ ಬೋಯಿಂಗ್ 777-200ಎಲ್‌ಆರ್ ವಿಮಾನ ನೆಲ ಬಿಡುವಾಗ ಗರಿಷ್ಠ 347 ಟನ್ ತೂಗಬಹುದು. ಅದರಲ್ಲಿ ಟ್ಯಾಂಕು ತುಂಬಿದರೆ ಇಂಧನವೇ ಸುಮಾರು 145 ಟನ್. ಇಷ್ಟು ದೂರದ ಪಯಣದಲ್ಲಿ ಇಂಧನದ ದೊಡ್ಡ ಪಾಲು ಖರ್ಚಾಗುವುದು ಇನ್ನುಳಿದ ಇಂಧನವನ್ನು ಹೊತ್ತು ಸಾಗುವುದಕ್ಕೇ. ಆದ್ದರಿಂದ ಹಾರಾಟವನ್ನು ಹದಿನಾರನೆಯ ಗಂಟೆಗೆ ಬೆಳೆಸುವುದು ಎರಡನೆಯ ಗಂಟೆಗೆ ಬೆಳೆಸುವುದಕ್ಕಿಂತ ದುಬಾರಿ.

ಬೆಂಗಳೂರಿನ ಹವೆಯನ್ನು ನಾವು ಹೊಗಳುತ್ತೇವೆ. ಪೈಲಟ್‌ಗಳು ಅಷ್ಟು ಹೊಗಳುವುದಿಲ್ಲ. ಕೆಂಪೇಗೌಡ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ 915 ಮೀಟರ್ ಮೇಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಕಡಲದಂಡೆಗಿಂತ ಶೇಕಡ 8ರಷ್ಟು ಕಡಿಮೆ. ರೆಕ್ಕೆಗೆ ಸಿಗುವ ಎತ್ತುಬಲವೂ ಎಂಜಿನ್ನಿನ ತಳ್ಳುಬಲವೂ ಆ ಮಟ್ಟಿಗೆ ಕುಗ್ಗುತ್ತವೆ. ಬೇಸಿಗೆಯ ಮಧ್ಯಾಹ್ನ ಇನ್ನಷ್ಟು. 4,000 ಮೀಟರ್ ಉದ್ದದ ರನ್‌ವೇ ಈ ಕೊರತೆಯನ್ನು ಒಂದಿಷ್ಟು ತುಂಬಿಕೊಡುತ್ತದೆ. ಕೊಲ್ಲಿಯ ನೀರಿನ ಅಂಚಿನಲ್ಲೇ ಇರುವ ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣದಲ್ಲಿ ಈ ತೊಡಕಿಲ್ಲ. ಅಂದರೆ ಒಂದೇ ವಿಮಾನ ಅಲ್ಲಿಂದ ಹೊತ್ತು ಬರಬಹುದಾದಷ್ಟನ್ನು ಇಲ್ಲಿಂದ ಹೊತ್ತು ಹೋಗಲಾರದು.

ಇನ್ನು ಬೆಟ್ಟ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರ 4,500 ಮೀಟರಿಗೂ ಹೆಚ್ಚು. ವಿಮಾನದೊಳಗಿನ ಗಾಳಿಯ ಒತ್ತಡ ಹಠಾತ್ತನೆ ಕುಸಿದರೆ ಪೈಲಟ್ ಕೂಡಲೇ 10,000 ಅಡಿಗೆ, ಅಂದರೆ ಸುಮಾರು 3,000 ಮೀಟರಿಗೆ, ಇಳಿಯಬೇಕು. ತಲೆಯ ಮೇಲಿಂದ ಬೀಳುವ ಮುಖವಾಡದ ಆಮ್ಲಜನಕ ಸಾಮಾನ್ಯವಾಗಿ ಕೆಲವೇ ನಿಮಿಷದ್ದು. ಟಿಬೆಟ್ಟಿನ ಮೇಲೆ 3,000 ಮೀಟರಿನಲ್ಲಿರುವುದು ಗಾಳಿಯಲ್ಲ, ಬಂಡೆ. ದಾರ ಸಲೀಸಾಗಿ ದಾಟಿದ ಆ ಪ್ರದೇಶವನ್ನು ವಿಮಾನಗಳು ಸುತ್ತಿಬಳಸಿ ಹೋಗುವುದು ಇದಕ್ಕಾಗಿಯೇ.

ಧ್ರುವದ ಕಡೆ ಹೊರಳಿದರೆ ಚಳಿ. ಜೆಟ್ ಎ-1 ಇಂಧನ ಮೈನಸ್ 47 ಡಿಗ್ರಿಯಲ್ಲಿ ಹೆಪ್ಪುಗಟ್ಟತೊಡಗುತ್ತದೆ. ಅಮೆರಿಕದಲ್ಲಿ ತುಂಬಿಸುವ ಜೆಟ್ ಎ ಮೈನಸ್ 40ಕ್ಕೇ. ಹೊರಗಿನ ಗಾಳಿ ಅದಕ್ಕಿಂತ ತಣ್ಣಗಿರಬಹುದು. ಆಗ ಪೈಲಟ್ ವೇಗ ಹೆಚ್ಚಿಸುತ್ತಾನೆ, ಇಲ್ಲವೇ ಕೆಳಕ್ಕಿಳಿದು ಬೆಚ್ಚಗಿನ ಪದರ ಹುಡುಕುತ್ತಾನೆ. ಕಾಂತೀಯ ದಿಕ್ಸೂಚಿ ಅಲ್ಲಿ ನಂಬಿಕೆಗೆ ಅರ್ಹವಲ್ಲ. ಸಮಭಾಜಕದ ಮೇಲೆ ನಿಂತ ಸಂಪರ್ಕ ಉಪಗ್ರಹಗಳ ಕಣ್ಣಳತೆ ಸುಮಾರು 82 ಡಿಗ್ರಿ ಅಕ್ಷಾಂಶಕ್ಕೆ ಮುಗಿಯುತ್ತದೆ. ಎಂಜಿನ್ ಕೆಟ್ಟರೆ ಇಳಿಯಲು ಊರು ಬೇಕು, ಅದೂ ನಿಗದಿತ ಹೊತ್ತಿನೊಳಗೆ ತಲುಪುವಂಥದ್ದು.

ಇಷ್ಟನ್ನೂ ತೂಗಿ 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ತಡೆರಹಿತ ವಿಮಾನ ಹೊರಟಿತು. ಕ್ಯಾಪ್ಟನ್ ಝೋಯಾ ಅಗರ್ವಾಲ್, ಕ್ಯಾಪ್ಟನ್ ಪಾಪಗಾರಿ ತನ್ಮಯಿ, ಕ್ಯಾಪ್ಟನ್ ಆಕಾಂಕ್ಷಾ ಸೋನಾವರೆ, ಕ್ಯಾಪ್ಟನ್ ಶಿವಾನಿ ಮನ್ಹಾಸ್: ಕಾಕ್‌ಪಿಟ್ಟಿನಲ್ಲಿದ್ದ ನಾಲ್ವರೂ ಮಹಿಳೆಯರು. ಜ್ಯಾಮಿತಿಯ ದೂರ 14,000. ಉತ್ತರಧ್ರುವದ ಮೇಲೆ ಹಾದು ಅವರು ಹಾರಿದ್ದು ಸುಮಾರು 16,000 ಕಿಲೋಮೀಟರ್. ಹಿಡಿದದ್ದು 17 ಗಂಟೆಗೂ ಹೆಚ್ಚು. ದಾರ ತೋರಿಸಿದ ಟಿಬೆಟ್ಟಿನ ದಾರಿಯೂ ಅಲ್ಲ, ಎದುರುಗಾಳಿಯ ಪೆಸಿಫಿಕ್ ದಾರಿಯೂ ಅಲ್ಲ. ಆ 2,000 ಕಿಲೋಮೀಟರಿನ ಹೆಚ್ಚಳದಲ್ಲಿ ಬೆಟ್ಟ, ಗಾಳಿ, ಪರರಾಜ್ಯ ಎಲ್ಲದರ ಪಾಲೂ ಇದೆ.

ರಾಜ್ಯಗಳು ಹೇಳುವ ದೂರ

ಆಕಾಶಕ್ಕೆ ಬೇಲಿ ಇಲ್ಲ ಎಂಬುದು ಕವಿಗಳ ಮಾತು. 1944ರ ಷಿಕಾಗೊ ಒಪ್ಪಂದದ ಮೊದಲ ವಿಧಿಯೇ, ಪ್ರತಿಯೊಂದು ರಾಷ್ಟ್ರಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಪೂರ್ಣ ಪರಮಾಧಿಕಾರವಿದೆ ಎಂದು ಸಾರುತ್ತದೆ. ಬೇರೊಂದು ದೇಶದ ಮೇಲೆ ಹಾರಿಹೋಗಲು ಅನುಮತಿ ಬೇಕು, ಶುಲ್ಕ ಕೊಡಬೇಕು. ಅನುಮತಿಯನ್ನು ಕೊಟ್ಟವರು ಹಿಂತೆಗೆದುಕೊಳ್ಳಲೂಬಹುದು.

ಇದರ ಪರಿಣಾಮವನ್ನು ಫಿನ್ಲೆಂಡಿನವರಷ್ಟು ಚೆನ್ನಾಗಿ ಬಲ್ಲವರಿಲ್ಲ. 1983ರಲ್ಲಿ ಫಿನ್‌ಏರ್ ಸಂಸ್ಥೆ ಹೆಲ್ಸಿಂಕಿಯಿಂದ ಟೋಕಿಯೊಗೆ ತಡೆರಹಿತ ಹಾರಾಟ ಆರಂಭಿಸಿದಾಗ ಸೋವಿಯತ್ ಆಕಾಶ ಅದಕ್ಕೆ ಮುಚ್ಚಿತ್ತು. ವಿಮಾನ ಉತ್ತರಧ್ರುವದ ಮೇಲಿಂದ ಬಳಸಿ, ಸುಮಾರು 13 ಗಂಟೆ ಹಾರಿ ಹೋಗಬೇಕಿತ್ತು. ಮುಂದೆ ಸೈಬೀರಿಯಾದ ಬಾಗಿಲು ತೆರೆದು ಅದೇ ಪಯಣ ಒಂಬತ್ತು, ಒಂಬತ್ತೂವರೆ ಗಂಟೆಗೆ ಇಳಿಯಿತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ರಷ್ಯಾದ ಆಕಾಶ ಯುರೋಪಿನವರಿಗೆ ಮುಚ್ಚಿತು. ಫಿನ್‌ಏರ್ ಮತ್ತೆ ಧ್ರುವದ ದಾರಿ ಹಿಡಿಯಿತು, ಮತ್ತೆ 13 ಗಂಟೆ. ಈ ನಲವತ್ತು ವರ್ಷಗಳಲ್ಲಿ ಎಂಜಿನ್‌ಗಳು ಎಷ್ಟು ಸುಧಾರಿಸಿದವು, ಹವಾಮಾನದ ಮುನ್ಸೂಚನೆ ಎಷ್ಟು ನಿಖರವಾಯಿತು! ಅದೆಲ್ಲದರ ಲಾಭವನ್ನು ಒಂದು ಮುಚ್ಚಿದ ಗಡಿ ನುಂಗಿಹಾಕಿತು.

ನಮ್ಮ ಅನುಭವವೂ ಬೇರೆಯಲ್ಲ. 2019ರ ಫೆಬ್ರವರಿ ಕೊನೆಯಿಂದ ಜುಲೈ ಮಧ್ಯದವರೆಗೆ ಪಾಕಿಸ್ತಾನ ತನ್ನ ಆಕಾಶವನ್ನು ಮುಚ್ಚಿದಾಗ ಆ ವರ್ಷದ ಜುಲೈ 2ರವರೆಗೆ ಏರ್ ಇಂಡಿಯಾಕ್ಕೆ 491 ಕೋಟಿ ರೂಪಾಯಿ ನಷ್ಟವಾಗಿದೆಯೆಂದು ಸರ್ಕಾರವೇ ಸಂಸತ್ತಿಗೆ ತಿಳಿಸಿತು. 2025ರ ಏಪ್ರಿಲ್ 24ರಿಂದ ಆ ಆಕಾಶ ಭಾರತೀಯ ವಿಮಾನಗಳಿಗೆ ಮತ್ತೆ ಮುಚ್ಚಿತು. ದೆಹಲಿಯಿಂದ ಪಶ್ಚಿಮಕ್ಕೆ ಹೋಗುವವರಿಗೆ ಇದರ ಪೆಟ್ಟು ಹೆಚ್ಚು. ಬೆಂಗಳೂರಿನಿಂದ ಯುರೋಪಿಗೆ ಹೋಗುವವರಿಗೆ ಅರಬ್ಬಿ ಸಮುದ್ರದ ದಾರಿ ಇರುವುದರಿಂದ ಕಡಿಮೆ. ಒಂದೇ ದೇಶದ ಎರಡು ಊರುಗಳಿಗೆ ಒಂದೇ ಆದೇಶ ಬೇರೆಬೇರೆ ದೂರಗಳನ್ನು ಹುಟ್ಟಿಸುತ್ತದೆ.

ರಷ್ಯಾ ನಮ್ಮ ವಿಮಾನಗಳಿಗೆ ತೆರೆದಿಟ್ಟ ಆಕಾಶಕ್ಕೂ ಅದರದೇ ಆತಂಕಗಳಿವೆ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ಏರ್ ಇಂಡಿಯಾ ವಿಮಾನ, ಎಂಜಿನ್ನಿನಲ್ಲಿ ದೋಷ ಕಂಡುಬಂದು, ರಷ್ಯಾದ ದೂರಪೂರ್ವದ ಮಗದಾನ್‌ನಲ್ಲಿ ಇಳಿಯಿತು. ವಿಮಾನದಲ್ಲಿದ್ದವರು 216 ಪ್ರಯಾಣಿಕರು, 16 ಸಿಬ್ಬಂದಿ. ಇನ್ನೊಂದು ವಿಮಾನ ಕಳಿಸಿ ಅವರನ್ನು ಕರೆದೊಯ್ಯುವ ಹೊತ್ತಿಗೆ ಜೂನ್ 8 ಬಂದಿತ್ತು. ಪ್ರಯಾಣಿಕರಲ್ಲಿ ಅಮೆರಿಕದವರೂ ಇದ್ದುದರಿಂದ ಮಗದಾನ್ ಬರಿಯ ವಿಮಾನ ನಿಲ್ದಾಣವಾಗಿ ಉಳಿಯಲಿಲ್ಲ, ರಾಜತಾಂತ್ರಿಕ ವಿಷಯವೂ ಆಯಿತು.

ಗಡಿಯಾರದ ಮಾತು

ಹೊತ್ತಿನ ಬಗ್ಗೆ ಎರಡು ವಿವರಣೆ ಕೊಟ್ಟು ಮುಗಿಸುತ್ತೇನೆ. ಟಿಕೆಟ್ಟಿನಲ್ಲಿರುವುದು ಹಾರಾಟದ ಹೊತ್ತಲ್ಲ. ವಿಮಾನ ತಾನು ನಿಂತ ಜಾಗದಿಂದ ಹಿಂದೆ ಸರಿದ ಕ್ಷಣದಿಂದ ಇನ್ನೊಂದು ಊರಿನಲ್ಲಿ ನಿಲ್ಲುವವರೆಗಿನ ಹೊತ್ತು. ವಿಮಾನಯಾನದವರು ಇದನ್ನು ಬ್ಲಾಕ್ ಟೈಮ್ ಎನ್ನುತ್ತಾರೆ. ಬೆಂಗಳೂರು–ಮಂಗಳೂರು ಆಕಾಶದಲ್ಲಿ ಸುಮಾರು 300 ಕಿಲೋಮೀಟರ್. ವಿಮಾನ ಹಾರುವುದು ಮುಕ್ಕಾಲು ಗಂಟೆಯ ಆಸುಪಾಸು. ವೇಳಾಪಟ್ಟಿ ಒಂದು ಗಂಟೆ, ಅದಕ್ಕೂ ಮೇಲೆ ತೋರಿಸುತ್ತದೆ. ಸಣ್ಣ ಪಯಣದಲ್ಲಿ ರನ್‌ವೇ ಸರದಿಯ ಪಾಲು ದೊಡ್ಡದು; ದೊಡ್ಡ ಪಯಣದಲ್ಲಿ ಅದು ಲೆಕ್ಕಕ್ಕಿಲ್ಲ.

ಎರಡನೆಯದು ಕಾಲವಲಯ. ಕ್ಯಾಲಿಫೋರ್ನಿಯಾ ನಮಗಿಂತ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಡಿಸೆಂಬರಿನ ಒಂದು ಮಧ್ಯಾಹ್ನ ಎರಡು ಗಂಟೆಗೆ ಬೆಂಗಳೂರು ಬಿಟ್ಟು ಹದಿನಾರು ಗಂಟೆ ಹಾರಿದವರು ಅದೇ ದಿನ ಸಂಜೆ ನಾಲ್ಕೂವರೆಗೆ ಅಲ್ಲಿ ಇಳಿಯುತ್ತಾರೆ. ಬರುವಾಗ ತಿರುಗುಮುರುಗು: 2021ರ ಆ ಮೊದಲ ವಿಮಾನ ಶನಿವಾರ ರಾತ್ರಿ ಬಿಟ್ಟು ಸೋಮವಾರ ನಸುಕಿಗೆ ಬೆಂಗಳೂರು ಮುಟ್ಟಿತು. ಗಡಿಯಾರದ ಮುಳ್ಳುಗಳನ್ನು ಕಳೆದು ನೋಡುವ ಮುನ್ನ ಈ ವ್ಯತ್ಯಾಸವನ್ನು ಕೂಡಿ ಕಳೆಯದಿದ್ದರೆ ಒಂದು ಪಯಣ ಎರಡೂವರೆ ಗಂಟೆಯದಾಗಿಯೂ ಇನ್ನೊಂದು ಮೂವತ್ತೊಂದು ಗಂಟೆಯದಾಗಿಯೂ ಕಂಡೀತು.

ಈಗ ಮೊದಲು ಬಾಕಿ ಉಳಿಸಿದ ಮಾತು: ಮೂವರಲ್ಲಿ ಯಾರ ಕೈ ಮೇಲು? ಜ್ಯಾಮಿತಿ ಬದಲಾಗುವುದಿಲ್ಲ, ಅದು ಕೆಳಗಿನ ಮಿತಿಯನ್ನು ಗೊತ್ತುಮಾಡಿ ಸುಮ್ಮನಾಗುತ್ತದೆ. ಗಾಳಿ ದಿನಕ್ಕೊಂದು ಬಗೆ. ಆದರೆ ಅದಕ್ಕೆ ಹಗೆಯಿಲ್ಲ. ಮುನ್ಸೂಚನೆ ನೋಡಿ ಪ್ರತಿ ಹಾರಾಟಕ್ಕೂ ಹೊಸ ಫ್ಲೈಟ್ ಪ್ಲಾನ್ ಬರೆದು ಅದರೊಡನೆ ಹೊಂದಿಕೊಳ್ಳಬಹುದು. ಹಿಂದಿನಿಂದ ತಳ್ಳುವ ಗಾಳಿ ಸಿಕ್ಕರೆ ಸುತ್ತುದಾರಿಯೂ ಲಾಭದ್ದಾಗುತ್ತದೆಂದು ದೆಹಲಿಯ ವಿಮಾನ ತೋರಿಸಿತಲ್ಲ. ರಾಜ್ಯಗಳ ವಿಷಯ ಬೇರೆ. ಅವು ಒಂದೇ ಆದೇಶದಲ್ಲಿ ಮೂರು, ನಾಲ್ಕು ಗಂಟೆಗಳನ್ನು ಸೇರಿಸಬಲ್ಲವು, ಮತ್ತು ಆ ಆದೇಶಕ್ಕೆ ಮುನ್ಸೂಚನೆ ಇರುವುದಿಲ್ಲ. ನಿಸರ್ಗದ ಅಡ್ಡಿಯನ್ನು ನಮ್ಮ ಎಂಜಿನಿಯರುಗಳು ನೂರು ವರ್ಷಗಳಲ್ಲಿ ಬಹುಮಟ್ಟಿಗೆ ಗೆದ್ದಿದ್ದಾರೆ. ಇಂದು ಎರಡು ಊರುಗಳನ್ನು ದೂರ ಮಾಡುತ್ತಿರುವುದು ಮನುಷ್ಯ ಎಳೆದ ಗೆರೆಗಳೇ.

ಅದಕ್ಕೆ ಅಧ್ಯಾಪಕ ಮಿತ್ರರಲ್ಲಿ ಒಂದು ಕೋರಿಕೆ. ತರಗತಿಯಲ್ಲಿ ಗೋಳ ಮತ್ತು ದಾರ ಹಿಡಿದು ದೂರ ಅಳೆಯುವುದನ್ನು ಕಲಿಸುವಾಗ, ದಾರ ಯಾವಯಾವ ದೇಶಗಳ ಮೇಲೆ ಹಾಯುತ್ತದೆಂದು ಮಕ್ಕಳಿಂದ ಪಟ್ಟಿ ಮಾಡಿಸಿ. ಆ ಪಟ್ಟಿಯ ಪಕ್ಕದಲ್ಲಿ, ನಮ್ಮ ವಿಮಾನಕ್ಕೆ ಇಂದು ಯಾವ ದೇಶ ದಾರಿ ಬಿಡುತ್ತದೆ, ಯಾವುದು ಬಿಡುವುದಿಲ್ಲ ಎಂದೂ ಬರೆಸಿ. ಭೂಗೋಳ, ಗಣಿತ, ಪೌರನೀತಿ ಮೂರೂ ಒಂದೇ ಪೀರಿಯಡ್ಡಿನಲ್ಲಿ ಮುಗಿದಂತಾಗುತ್ತದೆ.